ಹೆರಾಲ್ಡ್ ಕಾರಿನ ಕುಲಾವಿ

(ಬಾನುಲಿ ಭಾಷಣ)

ಕನ್ನಡ ಪಾಠ ಹೇಳಿಕೊಂಡು ಕಾಲ ಕಳೆದವನೊಬ್ಬ ಮೋಟಾರು ಕಾರಿನ ಬಾನೆಟ್ಟಿನ ವಿಷಯವಾಗಿ ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವೆನಿಸುವುದು ಸಹಜ. ನನಗೆ ಕಾರು ನಡೆಸಲು ಇಂದಿಗೂ ಬಾರದು. ಆದರೆ ಕೋಲಾರ ಚಿನ್ನದ ಗಣಿ ಪ್ರದೇಶದ ಚರಿತ್ರೆಯ ಬಗ್ಗೆ ನಾನು ಪುಸ್ತಕಗಳಲ್ಲಿ ಕಾಣದ ಒಂದೆರಡು ಸಂಗತಿಗಳು ಒಂದು ಹಳೆಯ ಕಾರಿನ ಬಾನೆಟ್ಟಿನ ಒಳಮೈಯಲ್ಲಿ ಕಂಡವು. ಅವನ್ನು ಶ್ರೋತೃಗಳ ಮುಂದಿಡುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲು ಪದದ ಮಾತು. ಬಾನೆಟ್ ಎಂದರೆ ಇಂಗ್ಲಿಷಿನಲ್ಲಿ ತಲೆಗೆ ತೊಡುವ ಟೊಪ್ಪಿಗೆ, ಅದರಲ್ಲೂ ಹೆಂಗಸರೂ ಎಳೆಯ ಮಕ್ಕಳೂ ಗಲ್ಲದಡಿ ದಾರ ಕಟ್ಟಿ ತೊಡುವಂಥದು. ನಮ್ಮ ಮನೆಗಳಲ್ಲಿ ಅಜ್ಜಿಯರು ಕೂಸಿಗೆ ಹೊಲಿಯುತ್ತಿದ್ದ ಕುಲಾವಿಯೇ ಅದು. ಅಮೆರಿಕದವರು ಅದೇ ಭಾಗವನ್ನು ಹುಡ್ ಎಂದರು. ಅದೂ ತಲೆಯ ಮುಸುಕೇ. ಎಂಜಿನ್ನನ್ನು ಮಳೆ ಧೂಳುಗಳಿಂದ ಕಾಪಾಡುವ ಮುಚ್ಚಳಕ್ಕೆ ಎರಡು ದೇಶದವರಿಗೂ ತಲೆಯ ಉಡುಪೇ ನೆನಪಾದದ್ದು ಸ್ವಾರಸ್ಯದ ಸಂಗತಿ. ಕನ್ನಡ ನಾಡಿನ ರಸ್ತೆಗಳು ಮಾತ್ರ ‘ಬಾನೆಟ್’ ಎಂಬ ಮಾತನ್ನೇ ಇಟ್ಟುಕೊಂಡವು.

ಮೋಟಾರು ಯುಗದ ಆರಂಭದ ದಶಕಗಳಲ್ಲಿ ಬಾನೆಟ್ಟಿಗೆ ನಡುವೆ ಉದ್ದಕ್ಕೂ ಒಂದು ಕೀಲಿರುತ್ತಿತ್ತು. ಎಡ ಬಲಗಳ ತಗಡುಗಳನ್ನು ಚಿಟ್ಟೆಯ ರೆಕ್ಕೆಯಂತೆ ಮೇಲಕ್ಕೆತ್ತಬೇಕು. ಎಷ್ಟೋ ಕಾರುಗಳಲ್ಲಿ ಅದು ಕುಲುಕಾಟಕ್ಕೆ ತೆರೆದುಕೊಳ್ಳದಂತೆ ತೊಗಲಿನ ಪಟ್ಟಿ ಬಿಗಿಯುತ್ತಿದ್ದರು. ಪಕ್ಕದಲ್ಲಿ ಬಿಸಿಗಾಳಿ ಹೊರಹೋಗಲೆಂದು ಸಾಲಾಗಿ ಸೀಳುಗಂಡಿಗಳು. 1930ರ ದಶಕದಿಂದೀಚೆಗೆ ಮೈ ದುಂಡಗಾದಂತೆ ಬಾನೆಟ್ಟು ಒಂದೇ ತುಂಡಾಗಿ, ಗಾಜಿನ ಬಳಿ ಕೀಲು ಪಡೆದು, ಮೊಸಳೆಯ ಬಾಯಂತೆ ಮುಂದಿನಿಂದ ತೆರೆಯತೊಡಗಿತು. ನಮ್ಮ ಅಂಬಾಸಡರ್ ಕಾರಿನದು ಈ ಬಗೆ.

ನಾನು ಹೇಳಹೊರಟಿರುವ ಕಾರಾದರೋ ಇವೆರಡಕ್ಕೂ ಸೇರಿದ್ದಲ್ಲ. ಅದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಿನಿಂದ 1959ರಲ್ಲಿ ಹೊರಬಂದ ಈ ಕಾರಿನ ರೂಪವನ್ನು ಬರೆದವರು ಇಟಲಿಯ ಟ್ಯೂರಿನ್ ನಗರದ ಜೊವಾನ್ನಿ ಮಿಕೆಲೋಟ್ಟಿ. ಆ ವೇಳೆಗಾಗಲೇ ಕಾರಿನ ಮೈಯನ್ನೂ ಅಡಿಗಟ್ಟನ್ನೂ ಒಂದಾಗಿ ಬೆಸೆಯುವ ಪದ್ಧತಿ ಬಂದಿತ್ತು. ಹೆರಾಲ್ಡಿನಲ್ಲಿ ಅದು ಕೈಗೂಡಲಿಲ್ಲ. ಕಂಪನಿಗೆ ಮೈತಗಡು ಒದಗಿಸುತ್ತಿದ್ದ ಕಾರ್ಖಾನೆ 1953ರಲ್ಲಿ ಎದುರಾಳಿ ಕಂಪನಿಯ ವಶವಾಗಿದ್ದುದರಿಂದ, ಬೇರೆ ಬೇರೆ ಕಡೆ ಅಚ್ಚೊತ್ತಿದ ತುಂಡುಗಳನ್ನು ಪ್ರತ್ಯೇಕವಾದ ಉಕ್ಕಿನ ಚಾಸಿಯ ಮೇಲೆ ಬೋಲ್ಟು ಹಾಕಿ ಕೂಡಿಸುವ ಹಳೆಯ ದಾರಿಗೇ ಮರಳಬೇಕಾಯಿತು. ಹೀಗೆ ಇಕ್ಕಟ್ಟಿನಲ್ಲಿ ಹುಟ್ಟಿದ ಏರ್ಪಾಡೇ ರಿಪೇರಿಯವರ ಪಾಲಿಗೆ ವರವಾಯಿತು. ಎರಡು ಪಕ್ಕದ ಕೊಂಡಿಗಳನ್ನು ಬಿಚ್ಚಿ ಹಿಂದಿನಂಚನ್ನು ಹಿಡಿದೆತ್ತಿದರೆ ದೀಪ, ಚಕ್ರದ ಮರೆ, ಮೂತಿ ಎಲ್ಲವೂ ಸೇರಿದ ಇಡೀ ಮುಂಭಾಗ ಮುಂದಕ್ಕೆ ವಾಲುತ್ತದೆ. ಎಂಜಿನ್ನೂ ಮುಂಚಕ್ರಗಳೂ ಬತ್ತಲೆಯಾಗಿ ನಿಲ್ಲುತ್ತವೆ. ಚಕ್ರದ ಮೇಲೆಯೇ ಕುಳಿತು ಕೆಲಸ ಮಾಡಬಹುದು.

ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪನಿಯವರು 1961ರಿಂದ ಇದನ್ನು ನಮ್ಮಲ್ಲಿ ತಯಾರಿಸಿದರು. ಎಂಜಿನ್ನು 948 ಸಿ.ಸಿ. ಅಳತೆಯದು. ವರ್ಷ ವರ್ಷಕ್ಕೂ ದೇಶೀಯ ಭಾಗಗಳು ಹೆಚ್ಚುತ್ತ ಹೋದವು. 1960ರ ದಶಕದ ಕೊನೆಗೆ ನಮ್ಮ ಕುಟುಂಬಗಳ ಗಾತ್ರಕ್ಕೆ ಹೊಂದುವಂತೆ ನಾಲ್ಕು ಬಾಗಿಲ ಹೆರಾಲ್ಡನ್ನೂ, ಅನಂತರ ಹಿಂಭಾಗದ ಅಚ್ಚನ್ನೇ ಬದಲಿಸಿ ಗೆಝೆಲ್ ಎಂಬ ಕಾರನ್ನೂ ಅಲ್ಲಿಯೇ ರೂಪಿಸಿದರು. ವಿದೇಶೀ ಕಾರುಗಳ ಆಮದಿಗೆ ತಡೆಯಿದ್ದ ಕಾಲವದು. ಅಂಬಾಸಡರ್, ಫಿಯಟ್, ಹೆರಾಲ್ಡ್ ಈ ಮೂರರೊಳಗೆ ಯಾವುದಾದರೂ ಒಂದನ್ನು ಕೊಳ್ಳಬೇಕು. ಅದಕ್ಕೂ ಹೆಸರು ಬರೆಸಿ ಕಾಯಬೇಕು. ಕೊಂಡಮೇಲೆ ಬಿಡಿಭಾಗಕ್ಕೂ ಕಾಯಬೇಕು. ಆದುದರಿಂದ ಕಾರು ಕೊಂಡವನು ಕಾರಿನ ಜೊತೆಗೆ ಒಬ್ಬ ಒಳ್ಳೆಯ ಫಿಟ್ಟರನ ಗೆಳೆತನವನ್ನೂ ಸಂಪಾದಿಸಿಕೊಳ್ಳುತ್ತಿದ್ದ.

ಬಂಗಾರಪೇಟೆಯಲ್ಲಿ ವೈದ್ಯರಾಗಿದ್ದ ನನ್ನ ಸೋದರಮಾವ 1965ರಲ್ಲಿ ಒಂದು ಹೆರಾಲ್ಡನ್ನು ಕೊಂಡರು. ಊರಿನ ಹೆಸರಿನಲ್ಲಿಯೂ ಒಂದು ಚರಿತ್ರೆಯಿದೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಅವರ ಹೆಸರಿನಿಂದ ಅದು ಬೌರಿಂಗ್‌ಪೇಟೆಯಾಗಿತ್ತು. ಚಿನ್ನದ ಗಣಿಗೆ ಹೋಗುವ ರೈಲು ಕವಲೊಡೆಯುವ ಜಂಕ್ಷನ್ನಿಗೆ ಬಂಗಾರಪೇಟೆಯೆಂಬ ಹೆಸರು ಎಷ್ಟು ಚೆನ್ನಾಗಿ ಒಪ್ಪಿತೆಂದರೆ, ಹಳೆಯ ಹೆಸರು ಇಂದಿನ ಮಕ್ಕಳಿಗೆ ಗೊತ್ತೇ ಇಲ್ಲ. ಮಾರಿಕುಪ್ಪಂವರೆಗಿನ ಆ ಹತ್ತು ಮೈಲಿ ಕವಲುದಾರಿ 1894ರದು.

ಗಣಿಯ ಕಥೆ ಬಹುಮಂದಿಗೆ ತಿಳಿದದ್ದೇ. 1802ರಲ್ಲಿ ಮೋಜಣಿಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಇಲ್ಲಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನದ ಕಣ ತೆಗೆಯುವುದನ್ನು ಕಂಡ. 1870ರ ದಶಕದಲ್ಲಿ ಲವೆಲ್ ಎಂಬಾತ ಗಣಿಗಾರಿಕೆಯ ಅನುಮತಿ ಪಡೆದ. 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ ಬೇರೂರಿತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿಯಲ್ಲಿ ಹರಿದುಬಂದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ಈ ಗಣಿಗಳನ್ನು ಮುಟ್ಟಿತು. 1956ರಲ್ಲಿ ಗಣಿಗಳು ರಾಷ್ಟ್ರೀಕರಣಗೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಗಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಹೊರಬಂತು. ಚಾಂಪಿಯನ್ ರೀಫ್ ಗಣಿ ನೆಲದಿಂದ ಮೂರು ಕಿಲೋಮೀಟರಿಗೂ ಆಳಕ್ಕಿಳಿಯಿತು.

ಈ ಅಂಕಿಗಳ ಹಿಂದೆ ಇನ್ನೊಂದು ಸಂಪತ್ತಿತ್ತು. ಅಷ್ಟು ಆಳಕ್ಕೆ ಮನುಷ್ಯರನ್ನು ಇಳಿಸಿ ಏರಿಸುವ ಯಂತ್ರಗಳು, ಗಾಳಿ ಊದುವ ಯಂತ್ರಗಳು, ಬಂಡೆ ಕೊರೆಯುವ ಉಳಿಗಳು, ನೀರೆತ್ತುವ ಪಂಪುಗಳು ಇವುಗಳಲ್ಲಿ ಏನು ಮುರಿದರೂ ವಿಲಾಯತಿಯಿಂದ ತರಿಸುವವರೆಗೆ ಕಾಯುವಂತಿರಲಿಲ್ಲ. ಆದುದರಿಂದ ಗಣಿಯ ಕಾರ್ಯಾಗಾರಗಳಲ್ಲಿ ಕಮ್ಮಾರ, ಎರಕದವ, ಫಿಟ್ಟರು, ಬಾಯ್ಲರಿನವ, ತಗಡಿನವ ಎಂಬ ಪರಂಪರೆಗಳೇ ಬೆಳೆದವು. ತಂದೆಯ ಸುತ್ತಿಗೆ ಮಗನ ಕೈಗೆ ಬಂತು. ತಮಿಳು ತೆಲುಗುಗಳನ್ನಾಡುತ್ತ ಬಂದ ಈ ಜನ ನಮ್ಮ ಜಿಲ್ಲೆಯವರೇ ಆಗಿಹೋದರು. ಆದರೂ ಊರುಗಳ ಹೆಸರನ್ನು ನೋಡಿ: ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ. ಶಾಫ್ಟುಗಳ ಹೆಸರೋ ಎಡ್ಗರ್, ಗಿಫರ್ಡ್. ಸುತ್ತಿಗೆ ಹಿಡಿದವರ ಹೆಸರಿನ ಒಂದು ಬೀದಿಯನ್ನು ಕಾಣಲು ನಾನು ಬಹಳ ಹುಡುಕಬೇಕಾಯಿತು.

ಈಗ 1974ನೆಯ ಇಸವಿಗೆ ಬರುತ್ತೇನೆ. ನನಗಾಗ ಹದಿನೈದು ವರ್ಷ. ಬೇಸಗೆಯ ರಜಕ್ಕೆ ಮಾವನ ಮನೆಗೆ ಹೋಗಿದ್ದೆ. ಒಂದು ಸಂಜೆ ಹಳ್ಳಿಯೊಂದರಿಂದ ರೋಗಿಯನ್ನು ನೋಡಿ ಬರುತ್ತಿದ್ದಾಗ ರಾಗಿ ಹುಲ್ಲು ಹೇರಿದ್ದ ಗಾಡಿ ಇಳಿಜಾರಿನಲ್ಲಿ ಹಿಂದಕ್ಕೆ ಜಾರಿ ಕಾರಿನ ಎಡಮೂತಿಗೆ ಬಡಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಬಾನೆಟ್ಟು ಮಾತ್ರ ಎಡಗಡೆ ಮುದುಡಿತು. ಚಾಸಿಯ ಎಡತುದಿ ಹಿಂದಕ್ಕೆ ಬಾಗಿತು. ಹೊಸ ಬಾನೆಟ್ಟು ಸಿಕ್ಕುವುದು ಎಂದೋ ಏನೋ. ಮಾವನ ರೋಗಿಗಳಾದರೋ ಹದಿನೈದು ಇಪ್ಪತ್ತು ಮೈಲಿ ಸುತ್ತಳತೆಯ ಹಳ್ಳಿಗಳಲ್ಲಿದ್ದರು. ಕಾರಿಲ್ಲದೆ ವೈದ್ಯವೃತ್ತಿ ನಡೆಯುವಂತಿರಲಿಲ್ಲ. ಉರಿಗಾಮಿನ ಬಳಿಯ ಒಂದು ಲೈನಿನಲ್ಲಿದ್ದ, ಗಣಿಯ ಕಾರ್ಯಾಗಾರದ ಫಿಟ್ಟರೊಬ್ಬರನ್ನು ಯಾರೋ ಹೇಳಿದರು. ಮೂವತ್ತರ ಹರೆಯದ ಮನುಷ್ಯ. ಪಾಳಿ ಮುಗಿಸಿ ಬಂದು, ಮನೆಯ ಮುಂದಿನ ಬೇವಿನ ಮರದಡಿ ತಮ್ಮದೇ ಹತಾರಗಳಿಂದ ಕೆಲಸ ಮಾಡಿದರು. ಮೂರು ವಾರ ಹಿಡಿಯಿತು. ನಾನು ದಿನವೂ ಮಾವನೊಡನೆ ರೈಲಿನಲ್ಲಿ ಹೋಗಿ ಕುಳಿತು ನೋಡುತ್ತಿದ್ದೆ.

ಮುದುಡಿದ ತಗಡನ್ನು ಒಮ್ಮೆಗೇ ಬಡಿಯಬಾರದೆಂಬುದನ್ನು ನಾನು ಅಲ್ಲಿ ಕಲಿತೆ. ಪೆಟ್ಟು ಕೊನೆಗೆ ಬಿದ್ದ ಜಾಗದಿಂದ ಮೊದಲು ಬಿಡಿಸುತ್ತ, ಒಳಗೆ ಗಟ್ಟಿಯಾದ ಉಕ್ಕಿನ ಗುಂಡನ್ನು ಆನಿಸಿ, ಹೊರಗಿನಿಂದ ಹಗುರವಾಗಿ ತಟ್ಟಬೇಕು. ಹೆಚ್ಚು ಬಡಿದರೆ ತಗಡು ಹಿಗ್ಗಿ ಉಬ್ಬುತ್ತದೆ. ಆಗ ಕೆಂಪಗೆ ಕಾಯಿಸಿ ಕುಗ್ಗಿಸಬೇಕು. ಹರಿದ ಮೂತಿಗೆ ಹೊಸ ತಗಡನ್ನು ಕತ್ತರಿಸಿ ಗ್ಯಾಸಿನಿಂದ ಬೆಸೆದರು. ಚಾಸಿಯ ತುದಿಯನ್ನು ಕಾಯಿಸಿ ಎಳೆದರೂ ಪೂರ್ತಿ ಸ್ವಸ್ಥಾನಕ್ಕೆ ಬರಲಿಲ್ಲ. ಮೂರು ನೂಲಿನಷ್ಟು ಕೊರೆ ಉಳಿಯಿತು. ಅಂಗುಲದ ಎಂಟನೆಯ ಒಂದು ಭಾಗಕ್ಕೆ ಅಲ್ಲಿನ ತಮಿಳು ಫಿಟ್ಟರುಗಳ ಬಾಯಲ್ಲಿ ‘ನೂಲು’ ಎಂದು ಹೆಸರು. ಕೀಲಿನ ರಂಧ್ರಗಳನ್ನು ಅರದಿಂದ ಉದ್ದ ಮಾಡಿ, ಬಾನೆಟ್ಟಿನ ಎಡ ಹಿಂದಿನಂಚನ್ನು ಅಷ್ಟೇ ಕಿರಿದು ಮಾಡಿ, ಅದನ್ನು ಆ ಚಾಸಿಗೆ ಹೊಂದಿಸಿಬಿಟ್ಟರು.

ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಜಿಲ್ಲೆಯ ಬಾವಿನೀರಿನ ಗಡುಸು ಎಲ್ಲರಿಗೂ ಗೊತ್ತು. ಆ ನೀರನ್ನೇ ಸುರಿದು ಸುರಿದು ರೇಡಿಯೇಟರಿನೊಳಗೆ ಸುಣ್ಣ ಕಟ್ಟಿ ಕಾರು ಏರಿನಲ್ಲಿ ಕುದಿಯುತ್ತಿತ್ತು. ಮೇಸ್ತ್ರಿ ಬಾನೆಟ್ಟಿನ ಬೆನ್ನಿನ ಮೇಲೆ ಎರಡು ಸಾಲು ಸೀಳುಗಂಡಿಗಳನ್ನು, ಬಾಯಿ ಹಿಂದಕ್ಕೆ ಬರುವಂತೆ, ಕೊರೆದು ಎಬ್ಬಿಸಿದರು. “ಗಾಳಿ ಒಳಗೆ ಬಂದ್ರೆ ಸಾಲ್ದು ಡಾಕ್ಟರ್ ಸಾರ್, ಆಚೆ ಹೋಗೋಕೂ ದಾರಿ ಬೇಕು. ಗಣೀನಲ್ಲೂ ಹಂಗೇ, ಗಾಳಿ ಇಳಿಯೋ ಶಾಫ್ಟು ಬೇರೆ, ಏರೋ ಶಾಫ್ಟು ಬೇರೆ” ಎಂದು ಅವರು ಹೇಳಿದ್ದು ನನಗಿನ್ನೂ ನೆನಪಿದೆ. ಬಂಡೆಯೇ ಅರುವತ್ತು ಡಿಗ್ರಿ ಮೀರಿ ಕಾಯುವ ಆಳದಲ್ಲಿ ಮನುಷ್ಯರನ್ನು ಬದುಕಿಸಿದ ವಿದ್ಯೆಯನ್ನು ಅವರು ಒಂದು ಪುಟ್ಟ ಕಾರಿಗೆ ಅನ್ವಯಿಸಿದರು. ಗಂಡಿ ಕೊರೆದರೆ ತಗಡಿನ ಬಲ ಕುಗ್ಗುತ್ತದೆ. ಅದಕ್ಕಾಗಿ ಒಳಗಡೆ ಅಡ್ಡಪಟ್ಟಿ ಬೆಸೆದರು. ಮೊದಲ ಮಳೆಯಲ್ಲಿ ಗಂಡಿಗಳಿಂದ ಸೋರಿದ ನೀರು ಡಿಸ್ಟ್ರಿಬ್ಯೂಟರಿನ ಮೇಲೆ ಬಿದ್ದು ಕಾರು ನಡುದಾರಿಯಲ್ಲಿ ನಿಂತಿತು. ಮೇಸ್ತ್ರಿ ನಗುತ್ತ, ಗಂಡಿಗಳ ಕೆಳಗೆ ತಗಡಿನ ದೋಣಿಯೊಂದನ್ನು ಕೂರಿಸಿ ನೀರು ಪಕ್ಕಕ್ಕೆ ಹರಿದುಹೋಗುವಂತೆ ಮಾಡಿದರು. ಆ ಕಾರು ಇನ್ನೂ ಹದಿನೇಳು ವರ್ಷ ಓಡಿತು. 1991ರಲ್ಲಿ ಮಾವ ತೀರಿಕೊಂಡರು. ಕಾರು ಕೊಟ್ಟಿಗೆಯಲ್ಲಿ ತಾಡಪಾಲಿನಡಿ ನಿಂತಿತು.

2019ರಲ್ಲಿ ಮಾವನ ಮೊಮ್ಮಗ ಅದನ್ನು ಬೆಂಗಳೂರಿಗೆ ಒಯ್ದ. ಅವನು ಎಂಜಿನಿಯರು, ಹಳೆಯ ಕಾರುಗಳ ಮೆರವಣಿಗೆಯಲ್ಲಿ ಅಜ್ಜನ ಕಾರನ್ನು ಓಡಿಸಬೇಕೆಂಬ ಆಸೆ. ಎಲ್ಲವೂ 1965ರಲ್ಲಿ ಇದ್ದಂತೆಯೇ ಇರಬೇಕೆಂಬುದು ಅವನ ಹಟ. ಸೀಳುಗಂಡಿಯ ಬಾನೆಟ್ಟು ಅವನಿಗೆ ಕಳಂಕದಂತೆ ಕಂಡಿತು. ಚೆನ್ನೈನ ಹಳೆಯ ಸಾಮಾನಿನ ಪೇಟೆಯಲ್ಲಿ ತುಕ್ಕು ಹಿಡಿಯದ ಇನ್ನೊಂದು ಹೆರಾಲ್ಡ್ ಬಾನೆಟ್ಟನ್ನು ಕಂಡುಹಿಡಿದು ತಂದ. ಅದು ಕೂರಲಿಲ್ಲ. ಎಡಗಡೆ ಬಾಗಿಲಿಗೆ ಒರಸುತ್ತದೆ, ಬಲಗಡೆ ಬೆರಳು ತೂರುವಷ್ಟು ಸಂದು. ಟಿಂಕರಿಂಗ್ ಮಾಡುವವನು ಬಾಗಿಲಿನಂಚನ್ನೇ ಕತ್ತರಿಸೋಣವೆಂದ. ಹಳೆಯ ಬಾನೆಟ್ಟನ್ನು ಗುಜರಿಗೆ ಹಾಕುವುದೆಂದು ಹೊರಗೆ ಮಗುಚಿ ಒರಗಿಸಿದ್ದರು. ಆ ದಿನ ನಾನು ಅಲ್ಲಿಗೆ ಹೋದದ್ದು ಆಕಸ್ಮಿಕ.

ಮಗುಚಿದ ಬಾನೆಟ್ಟಿನ ಅಡ್ಡಪಟ್ಟಿಯ ಮೇಲೆ, ಬಣ್ಣ ಎದ್ದುಹೋದ ಜಾಗದಲ್ಲಿ, ಪಂಚಿನಿಂದ ಒತ್ತಿದ ಅಂಕೆಗಳು ಕಂಡವು. ಮೊದಲು ನಾಲ್ಕು ಅಂಕೆಗಳ ಒಂದು ಸಂಖ್ಯೆ. ಅದರ ಕೆಳಗೆ 5–74. ಮೇಸ್ತ್ರಿಯ ಸೊಂಟದಲ್ಲಿ ತೂಗುತ್ತಿದ್ದ ಹಿತ್ತಾಳೆಯ ಬಿಲ್ಲೆ ನೆನಪಾಯಿತು. ಗಣಿಯಲ್ಲಿ ಪ್ರತಿಯೊಬ್ಬ ಕೆಲಸಗಾರನೂ ತನ್ನ ಹೆಸರಿಗಿಂತ ಹೆಚ್ಚಾಗಿ ಆ ಬಿಲ್ಲೆಯ ಸಂಖ್ಯೆಯಿಂದಲೇ ಗುರುತಿಸಲ್ಪಡುತ್ತಿದ್ದ.

ನನ್ನ ವೃತ್ತಿಯ ದೋಷವೋ ಏನೋ, ನನಗೆ ತಕ್ಷಣ ಹೊಳೆದದ್ದು ತಾಳೆಗರಿಯ ಕೊನೆಯಲ್ಲಿ ಲಿಪಿಕಾರ ಬರೆಯುವ ಮಾತು: ಇಂಥ ಸಂವತ್ಸರದಲ್ಲಿ ಇಂಥವನು ಬರೆದು ಮುಗಿಸಿದ್ದು ಎಂಬುದು. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಾಠ ಹೇಳಿದವರಿಗೆಲ್ಲ ಒಂದು ತತ್ತ್ವ ಗೊತ್ತು. ಸಂಪಾದಕನು ಕವಿಯ ಮೂಲಪಾಠವನ್ನು ಹುಡುಕಬೇಕು, ದಿಟ. ಆದರೆ ಪಾಠಾಂತರಗಳನ್ನು ಎಸೆಯಬಾರದು. ಅವು ಗ್ರಂಥ ಯಾರ ಕೈಗಳನ್ನು ಹಾದುಬಂತೆಂಬುದರ ಸಾಕ್ಷಿ. ಹುಡುಗನಿಗೆ ಇದನ್ನು ವಿವರಿಸಿದೆ. “ಮಾಮ, ಪುಸ್ತಕಕ್ಕೆ ಅಡಿಟಿಪ್ಪಣಿ ಹಾಕಬಹುದು, ಕಾರಿಗೆ ಎಲ್ಲಿ ಹಾಕೋದು?” ಎಂದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. “ಹಾಕಿದವರನ್ನೇ ಕೇಳೋಣ ನಡೆ” ಎಂದೆ.

ಮೇಸ್ತ್ರಿ ಆಂಡರ್‌ಸನ್‌ಪೇಟೆಯಲ್ಲಿದ್ದರು. ಎಪ್ಪತ್ತೈದು ವರ್ಷ. ನಿವೃತ್ತಿಗೆ ಇನ್ನೊಂದು ವರ್ಷವಿರುವಾಗ ಗಣಿ ಮುಚ್ಚಿತು. ಅನಂತರ ಕೆ.ಜಿ.ಎಫ್.ನ ಸಾವಿರಾರು ಜನರಂತೆ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವ ಜೀವನ, ಕಣ್ಣು ಮಂಜಾಗುವವರೆಗೆ. ನನ್ನ ಗುರುತು ಹತ್ತಲಿಲ್ಲ; ಕಾರಿನ ಗುರುತು ಹತ್ತಿತು. “ಎಡಗಡೆ ಮೂರು ನೂಲು” ಎಂದರು, ನಾನು ಕೇಳುವ ಮೊದಲೇ.

ಅವರು ಬೆಂಗಳೂರಿಗೆ ಬಂದು ಕುರ್ಚಿಯ ಮೇಲೆ ಕುಳಿತು ಹೇಳಿಕೊಟ್ಟ ಕ್ರಮ ಹೀಗೆ. ಬಾನೆಟ್ಟನ್ನು ಮೊದಲು ಮುಟ್ಟಬಾರದು. ಮೈಯನ್ನು ಚಾಸಿಗೆ ಬಿಗಿದ ಬೋಲ್ಟುಗಳನ್ನು ಸಡಿಲಿಸಿ, ಕೆಳಗಿನ ವಾಷರುಗಳನ್ನು ಹೆಚ್ಚು ಕಡಮೆ ಮಾಡಿ, ಬಾಗಿಲುಗಳು ತಾವಾಗಿ ಹೊಂದಿ ಮುಚ್ಚುವಂತಾಗಬೇಕು. ಆಮೇಲೆ ಮುಂದಿನ ಕೀಲನ್ನು ಹಿಂದು ಮುಂದು ಸರಿಸಿ ಬಾಗಿಲಿಗೂ ಬಾನೆಟ್ಟಿಗೂ ನಡುವಣ ಸಂದನ್ನು ಎರಡೂ ಕಡೆ ಸಮ ಮಾಡಬೇಕು. ಅನಂತರ ಎಂಜಿನ್ನಿನ ಹಿಂದಿನ ಗೋಡೆಯ ಮೇಲಿನ ರಬ್ಬರಿನ ಆನಿಕೆಗಳ ಎತ್ತರ. ಕೊಂಡಿಗಳು ಕಟ್ಟಕಡೆಗೆ. “ಕೊಂಡಿ ಎಳೆದು ಬಾನೆಟ್ಟು ಕೂರಿಸೋದಲ್ಲ ಸಾರ್, ಕೂತ ಬಾನೆಟ್ಟಿಗೆ ಕೊಂಡಿ” ಎಂದರು. ಕಣ್ಣು ಕಾಣದಿದ್ದರೂ ಬೆರಳು ತೂರಿಸಿ ಸಂದಿನ ಅಗಲವನ್ನು ಹೇಳುತ್ತಿದ್ದರು. ಹುಡುಗ ಅಳತೆಪಟ್ಟಿ ಹಿಡಿದರೆ ಅಷ್ಟೇ ಬರುತ್ತಿತ್ತು.

ಹಳೆಯ ಬಾನೆಟ್ಟನ್ನೇ ಉಳಿಸಬೇಕೆಂದು ನಾನು ವಾದಿಸಿದಾಗ ಮೇಸ್ತ್ರಿ ನನ್ನ ಪಕ್ಷ ವಹಿಸುವರೆಂದು ನಂಬಿದ್ದೆ. ಅವರು ಒಪ್ಪಲಿಲ್ಲ. “ಅವತ್ತು ಚಾಸಿ ಎಳೆಯೋಕೆ ನನ್ನತ್ರ ಬೆಂಚು ಇರ್ಲಿಲ್ಲ, ಅದಕ್ಕೆ ಬಾನೆಟ್ಟು ಕೊಯ್ದೆ. ಈಗ ಐತಲ್ಲ, ಚಾಸಿ ನೆಟ್ಟಗೆ ಮಾಡಿ ಹೊಸದು ಹಾಕ್ರಿ” ಎಂದುಬಿಟ್ಟರು. ನಾನು ಸ್ಮಾರಕವೆಂದುಕೊಂಡದ್ದು ಅವರಿಗೆ ಅರ್ಧಕ್ಕೆ ನಿಂತ ಕೆಲಸವಾಗಿತ್ತು. ಲಿಪಿಕಾರನ ಮುದ್ರೆಯೆಂದು ನಾನು ತಿಳಿದಿದ್ದ ಆ ಸಂಖ್ಯೆಯನ್ನು ಏಕೆ ಒತ್ತಿದಿರೆಂದು ಕೇಳಿದೆ. “ಕಂಪ್ಲೇಂಟು ಬಂದ್ರೆ ಬೇರೆಯವ್ರಿಗೆ ಬೈಗುಳ ಬೀಳಬಾರ್ದು ಸಾರ್. ವರ್ಕ್‌ಶಾಪಿನ ಅಭ್ಯಾಸ” ಎಂದರು. ನಾನು ಕೀರ್ತಿಯ ಕುರುಹನ್ನು ಕಂಡಲ್ಲಿ ಅವರು ಇಟ್ಟಿದ್ದುದು ಹೊಣೆಯ ಕುರುಹು. ಪಾಠಪಟ್ಟಿಯ ಅಭ್ಯಾಸದಿಂದ ಬದುಕನ್ನು ಓದಹೊರಟವನಿಗೆ ಇದೊಂದು ತಿದ್ದುಪಡಿ.

ಕೊನೆಗೆ ತೀರ್ಮಾನಿಸಿದ್ದು ನಾವಾರೂ ಅಲ್ಲ, ತುಕ್ಕು. ಚಾಸಿಯ ಮುಂತುದಿ ಐವತ್ತು ವರ್ಷಗಳಲ್ಲಿ ತೆಳುವಾಗಿ, ಎಳೆದರೆ ಹರಿಯುವ ಸ್ಥಿತಿಯಲ್ಲಿತ್ತು. ಅದನ್ನು ಎಳೆಯದೆ ಒಳಗಿನಿಂದ ಬಲಪಡಿಸಿ, ಹಳೆಯ ಬಾನೆಟ್ಟನ್ನೇ ಮತ್ತೆ ಕೂರಿಸಿದರು. ರೇಡಿಯೇಟರು ಹೊಸದಾದ್ದರಿಂದ ಸೀಳುಗಂಡಿಗಳನ್ನು ಮುಚ್ಚಬಹುದೆಂದು ಮೇಸ್ತ್ರಿ ಹೇಳಿದರು. ಈ ಸಲ ಹುಡುಗನೇ ಬೇಡವೆಂದ. ನೀರಿನ ದೋಣಿಯನ್ನು ಮಾತ್ರ ಹೊಸ ತಗಡಿನಲ್ಲಿ ಮಾಡಿಸಿದ. ಅಂಕೆಗಳಿದ್ದ ಜಾಗಕ್ಕೆ ಬಣ್ಣ ಬಳಿಯದೆ ಎಣ್ಣೆ ಸವರಿಸಿದ. ಚೆನ್ನೈನಿಂದ ಬಂದ ಬಾನೆಟ್ಟು ಅವನ ಷೆಡ್ಡಿನ ಗೋಡೆಯ ಮೇಲೆ ತೂಗುತ್ತಿದೆ. ಅಡಿಟಿಪ್ಪಣಿಗೆ ಅದೇ ಜಾಗವೆಂದು ಅವನು ನನ್ನನ್ನು ಹಾಸ್ಯ ಮಾಡುವುದುಂಟು. ಮೆರವಣಿಗೆಯಲ್ಲಿ ಮೂಲಸ್ಥಿತಿಗಾಗಿ ಕೊಡುವ ಬಹುಮಾನ ಆ ಕಾರಿಗೆ ಬರಲಿಲ್ಲ, ಬರುವಂತೆಯೂ ಇರಲಿಲ್ಲ.

ಮೇಸ್ತ್ರಿ 2021ರಲ್ಲಿ ತೀರಿಕೊಂಡರು. ಅವರು ಬೆಂಗಳೂರಿನಲ್ಲಿದ್ದ ಎರಡು ದಿನ ಅವರ ಮಾತುಗಳನ್ನು ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಈಗ ತೆಗೆದು ನೋಡಿದರೆ ಕೀಲು, ಸಂದು, ವಾಷರು ಎಲ್ಲವೂ ಇವೆ. ಕೆಲಸ ಕಲಿಸಿದವರು ಯಾರು, ಪಕ್ಕದಲ್ಲಿ ನಿಂತು ಗುಂಡು ಹಿಡಿದವರು ಯಾರು ಎಂದು ನಾನು ಕೇಳಿಯೇ ಇರಲಿಲ್ಲ. ಊರಿಗೆ ದೊರೆಗಳ ಹೆಸರಿಟ್ಟವರನ್ನು ಆಕ್ಷೇಪಿಸುವ ನಾನು ಮಾಡಿದ್ದೂ ಅದನ್ನೇ ಅಲ್ಲವೆ?

ಕೆ.ಜಿ.ಎಫ್.ನ ಲೈನುಗಳಲ್ಲಿ, ಬಂಗಾರಪೇಟೆಯ ಮನೆಗಳಲ್ಲಿ, ಗಣಿಯ ಕೈಗಳು ಮಾಡಿದ ಒಲೆ, ಕಿಟಕಿಯ ಸರಳು, ಹೊಲಿಗೆಯಂತ್ರದ ಕಾಲು, ಸೈಕಲ್ಲಿನ ಕ್ಯಾರಿಯರು ಇನ್ನೂ ಎಷ್ಟೋ ಉಳಿದಿರಬಹುದು. ಅವುಗಳನ್ನು ಗುಜರಿಗೆ ಹಾಕುವ ಮುನ್ನ ಒಮ್ಮೆ ಮಗುಚಿ ಒಳಮೈಯನ್ನು ನೋಡಿ. ಅಲ್ಲೊಂದು ಸಂಖ್ಯೆಯಿದ್ದರೆ, ಆ ಸಂಖ್ಯೆಯ ಮನುಷ್ಯ ಇನ್ನೂ ಬದುಕಿದ್ದರೆ, ಹೋಗಿ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅವರ ಪಕ್ಕದಲ್ಲಿ ನಿಂತಿದ್ದವರ ಹೆಸರನ್ನೂ ಕೇಳಿ.